ರಾತ್ರಿ ಹನ್ನೊಂದಕ್ಕೆ ‘ಇದ್ದೀಯಾ?’

ಸಾಗರದ ಕಡೆಯ ತಾಯಿಯೊಬ್ಬರ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಬೇರೆ ಪತ್ರಕ್ಕೆ ಉತ್ತರ ಬರೆಯಲು ಕೂತರೂ ಕೈ ಇದರ ಕಡೆಗೇ ಹೋಗುತ್ತದೆ.

ಸಂಗತಿ ಇಷ್ಟು. ಮಗನಿಗೆ ಹದಿನಾರು, ಎಸ್ಸೆಸ್ಸೆಲ್ಸಿ. ಆನ್‌ಲೈನ್ ಕ್ಲಾಸಿಗೆಂದು ಅಡಿಕೆ ದುಡ್ಡಿನಲ್ಲಿ ಮೊಬೈಲ್ ಕೊಡಿಸಿದರು. ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯ ಹತ್ತಿರ ಮಾತ್ರ. ಎರಡು ತಿಂಗಳಿಂದ ಹುಡುಗ ರಾತ್ರಿ ಹನ್ನೊಂದಕ್ಕೆ ಅಟ್ಟ ಹತ್ತಿದರೆ ಇಳಿಯುವುದು ಎರಡಕ್ಕೆ. ಫ್ರೀ ಫೈರ್ ಆಟ. ಹಗಲು ಮಾತಿಲ್ಲ, ಊಟ ಅರ್ಧ. 2021ರ ಜುಲೈ 19 ಮತ್ತು 22ಕ್ಕೆ ಪರೀಕ್ಷೆ. ಚಟ ಬಿಡಿಸುವುದು ಹೇಗೆ ಎಂದು ಕೇಳಿದ್ದಾರೆ.

ಆದರೆ ಸಹಿಗೆ ಮುಂಚೆ ಸಣ್ಣಕ್ಷರದಲ್ಲಿ ಹೀಗಿದೆ: ‘ಭಾವ ಮೊಬೈಲ್ ಕಿತ್ತುಕೊಂಡು ಎಲ್ಲರೆದುರು ಮೆಸೇಜ್ ಓದಿದರು. ಅದರಲ್ಲಿ ಏನೂ ಇರಲಿಲ್ಲ, ದಿನಾ ಬರೀ ಇದ್ದೀಯಾ, ಇದ್ದೀನಿ ಅಂತ. ಜೊತೆಗೆ ಆಡುವ ಹುಡುಗನ ಅಪ್ಪ ಮೇ ತಿಂಗಳಲ್ಲಿ ಕೊರೊನಾದಿಂದ ಹೋದರು. ಇವನನ್ನು ನಾವು ಕಳಿಸಲಿಲ್ಲ.’

ಏನೂ ಇರಲಿಲ್ಲವೇ ಅಮ್ಮ? ಅಪ್ಪನ ಮುಖವನ್ನು ಸರಿಯಾಗಿ ನೋಡಲೂ ಆಗದ ಮಕ್ಕಳು ಆ ತಿಂಗಳು ಎಷ್ಟು ಮಂದಿ! ಅಂಥ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಒಬ್ಬ ಹುಡುಗ ‘ಇದ್ದೀಯಾ’ ಅಂತಾನೆ. ನಿಮ್ಮ ಮಗ ಅಟ್ಟ ಹತ್ತಿ ‘ಇದ್ದೀನಿ’ ಅಂತಾನೆ. ನೀವು ಹೋಗಬೇಡ ಎಂದ ಮನೆಗೆ ಅವನು ರಾತ್ರಿ ರಾತ್ರಿ ತನಗೆ ತಿಳಿದ ದಾರಿಯಲ್ಲಿ ಹೋಗಿ ಬರುತ್ತಿದ್ದಾನೆ.

ಆಗ ತಡೆದದ್ದಕ್ಕೆ ನಿಮ್ಮನ್ನು ದೂರುವುದಿಲ್ಲ, ಆ ಮೇ ತಿಂಗಳ ಹೆದರಿಕೆ ಯಾರಿಗಿರಲಿಲ್ಲ? ನಿಮ್ಮ ಭಾವನವರ ಮೇಲೆ ಮಾತ್ರ ನನಗೆ ತಡೆಯಲಾರದ ಸಿಟ್ಟು ಬಂದಿದೆ. ಬೆಳೆದ ಹುಡುಗನ ಮಾತನ್ನು ಜಗಲಿಯಲ್ಲಿ ಓದಿ ನಗುವುದು ಹಿರಿತನವೇ? ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮಕ್ಕಳು ಎಷ್ಟು ಹೊತ್ತು ಮೊಬೈಲ್ ಹಿಡಿದರು ಎಂದು ಎಣಿಸುವ ಮುಂಚೆ ಯಾರ ಜೊತೆಗಿದ್ದರು ಎಂದು ಕೇಳಿ. ಭಾವನವರಿಂದ ಮಗನಿಗೆ ಒಂದು ಕ್ಷಮೆ ಬರಬೇಕು. ಬಾರದಿದ್ದರೆ ನೀವಾದರೂ ಕೇಳಿ.

ಚಟ ಎಂಬ ಮಾತು ಅವರದೇ ಇರಬೇಕು, ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯಿರಿ ಎಂದವರೂ ಅವರೇ. ಅಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ಇರುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದೂ ನಿಜ. ಆದರೆ ಆಟದ ಮೇಲೆ ಹತೋಟಿ ತಪ್ಪಿ, ಕೆಡುಕು ಕಂಡರೂ ಬಿಡಲಾಗದೆ, ಸಾಮಾನ್ಯವಾಗಿ ಒಂದು ವರ್ಷವಾದರೂ ಹಾಗೇ ನಡೆದಿದ್ದರೆ ಅದಕ್ಕೆ ಆ ಹೆಸರು. ನಿಮ್ಮಲ್ಲಿ ಇನ್ನೂ ಎರಡು ತಿಂಗಳು. ಊಟ, ನಿದ್ದೆ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸೋಣ, ತಪ್ಪಿಲ್ಲ.

ಅದಕ್ಕೂ ಮೊದಲು ಒಂದೇ ಕೆಲಸ. ಪರೀಕ್ಷೆ ಎಂದು ಮುಂದೂಡಬೇಡಿ, ಬರುವ ಭಾನುವಾರ ಮಗನನ್ನು ಕರೆದುಕೊಂಡು ನೀವೇ ಆ ಮನೆಗೆ ಹೋಗಿ. ಲಾಕ್‌ಡೌನ್ ತೆರವಾಗಿದೆ. ಮಾಸ್ಕ್ ಹಾಕಿಕೊಳ್ಳಿ, ಕೈಯಲ್ಲಿ ಹಾಲು, ಹಣ್ಣು ಇರಲಿ. ನೀವು ಆ ತಾಯಿಯ ಜೊತೆ ಜಗಲಿಯಲ್ಲಿ ಕೂತುಕೊಳ್ಳಿ. ಹುಡುಗರು ತೋಟದ ಕಡೆ ಹೋದರೆ ಹೋಗಲಿ, ಕರೆಯಬೇಡಿ. ಸಂಜೆವರೆಗೂ ಬರದಿದ್ದರೆ ಇನ್ನೊಂದು ಲೋಟ ಕಾಫಿ ಕುಡಿದು ಕಾಯಿರಿ.