ಬಿಎಸ್-6 ಬಂದು ಏನು ಸಿಕ್ತು? ತಿಪಟೂರಿನ ಮೇಷ್ಟ್ರಿಗೆ ಉತ್ತರ

ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ವಿಷಯ ಚಿಕ್ಕದಾಗಿ ಹೇಳ್ಬಿಡ್ತೀನಿ: ನೀವು ಬಿಎಸ್-6 ಪೆಟ್ರೋಲ್ ಕಾರು ತಗೊಂಡಿದ್ದೀರ, ಕಂಪನಿಯವ್ರು ಲೀಟರ್‌ಗೆ 20 ಅಂದಿದ್ರು, ಊರೊಳಗೆ 14 ದಾಟ್ತಿಲ್ಲ, ಎಮಿಷನ್ ಟೆಸ್ಟ್‌ಗೆ ಹೋದ್ರೆ ಎರಡೇ ನಿಮಿಷಕ್ಕೆ ಸರ್ಟಿಫಿಕೇಟ್ ಕೈಗೆ ಬಂತು, "ಹಿಂಗಿದ್ಮೇಲೆ ಈ ರೂಲ್ಸೆಲ್ಲ ಯಾಕೆ, ಗಾಡಿ ರೇಟು ಏರಿಸೋಕಾ?" ಅಂತ ಕೇಳಿದ್ದೀರ.

ನಿಮ್ಮ ಕೋಪ ನ್ಯಾಯವಾದದ್ದೇ. ಆದ್ರೆ ರೂಲ್ಸೆಲ್ಲ ದಂಡ ಅನ್ನೋದನ್ನ ನಾನು ಒಪ್ಪಲ್ಲ. ಮೊದ್ಲು ಒಂದು ಬಿಡಿಸ್ಕೊಳ್ಳೋಣ, ಇಲ್ಲಿ ಇರೋದು ಎರಡು ಬೇರೆ ಬೇರೆ ಕಾನೂನು. ಬಿಎಸ್ ಅಂದ್ರೆ ಭಾರತ್ ಸ್ಟೇಜ್, ಅದು ಹೊಗೆಯಲ್ಲಿರೋ ವಿಷದ ಲೆಕ್ಕ, ನಂಬರ್ ಏರಿದಷ್ಟೂ ಮಿತಿ ಬಿಗಿ. ಮೈಲೇಜ್ ಲೆಕ್ಕ ಕೆಫೆ (ಕಾರ್ಪೊರೇಟ್ ಆವರೇಜ್ ಫ್ಯುಯೆಲ್ ಎಫಿಶಿಯೆನ್ಸಿ) ಅನ್ನೋ ಇನ್ನೊಂದು ಕಾನೂನಿಂದು.

ಹೊಗೆ ವಿಷಯದಲ್ಲಿ ಸಿಕ್ಕಿರೋದು ಸಣ್ಣದಲ್ಲ. ತೊಂಬತ್ತರ ದಶಕದಲ್ಲಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾದು ಮನೆಗೆ ಬಂದು ಮುಖ ಒರೆಸ್ಕೊಂಡ್ರೆ ಕರ್ಚೀಫು ಕಪ್ಪಾಗ್ತಿತ್ತು, ಟೂ-ಸ್ಟ್ರೋಕ್ ಆಟೋಗಳ ಆ ಎಣ್ಣೆ ಹೊಗೆ ವಾಸನೆ ಶರ್ಟ್ ಒಗೆದ್ರೂ ಹೋಗ್ತಿರ್ಲಿಲ್ಲ. 2010ರಲ್ಲಿ ದೇಶದ ಬಹುಪಾಲು ಕಡೆ ಸಿಗ್ತಿದ್ದ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 350 ಪಾಲಿನವರೆಗೂ ಇರಬಹುದಿತ್ತು, 2017ಕ್ಕೆ ಅದು 50 ಆಯ್ತು, 2020ರ ಏಪ್ರಿಲ್‌ನಿಂದ 10. ಗಂಧಕ ಜಾಸ್ತಿ ಇದ್ರೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕೆಟ್ಟೋಗತ್ತೆ, ಅದಕ್ಕೇ ಮೊದ್ಲು ಎಣ್ಣೆ ಸರಿ ಮಾಡ್ಬೇಕಿತ್ತು, ನಮ್ಮ ಮಂಗ್ಳೂರಿನ ಎಂಆರ್‌ಪಿಎಲ್ ಸೇರಿ ರಿಫೈನರಿಗಳೆಲ್ಲ ಅದಕ್ಕಾಗಿ ಬದಲಾದ್ವು. ಬಿಎಸ್-5 ಬಿಟ್ಟು ಸೀದಾ 6ಕ್ಕೆ ಹಾರಿದ್ವಿ. ಬಿಎಸ್-4ರಲ್ಲಿ ಡೀಸೆಲ್ ಕಾರು ಕಿಲೋಮೀಟರ್‌ಗೆ 0.25 ಗ್ರಾಂ ನೈಟ್ರೋಜನ್ ಆಕ್ಸೈಡ್ ಅನ್ನೋ ವಿಷಗಾಳಿ ಬಿಡಬಹುದಿತ್ತು, ಈಗ 0.08 ಅಷ್ಟೇ. ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂತು. ನೀವು ಜಾಸ್ತಿ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಇದಕ್ಕೇ ಹೋಗಿದೆ. 2017ರ ಮಾರ್ಚ್ 29ಕ್ಕೆ ಸುಪ್ರೀಂ ಕೋರ್ಟ್ ಇನ್ನೆರಡು ದಿನ ಬಿಟ್ಟು ಬಿಎಸ್-3 ಗಾಡಿ ಮಾರೋ ಹಾಗಿಲ್ಲ ಅಂದಾಗ ಕಂಪನಿಗಳ ಹತ್ರ ಮಾರದೆ ಉಳಿದಿದ್ದು ಎಂಟು ಲಕ್ಷಕ್ಕೂ ಜಾಸ್ತಿ, ಡಿಸ್ಕೌಂಟ್‌ಗೆ ಶೋರೂಂ ಮುಂದೆ ಜಾತ್ರೆ ಥರ ಜನ ಸೇರಿದ್ರು, ನೆನಪಿರ್ಬೇಕು.

ಸಡಿಲ ಇರೋದು ಗಾಡಿ ಫ್ಯಾಕ್ಟರಿ ಬಿಟ್ಟು ರೋಡಿಗೆ ಬಂದ್ಮೇಲೆ. ಎಮಿಷನ್ ಟೆಸ್ಟ್‌ಗೆ ಹೋದ ತಿಂಗಳು ನಾನೂ ನಿಂತಿದ್ದೆ. ಹುಡುಗ ಪೈಪನ್ನ ಸೈಲೆನ್ಸರ್ ಬಾಯಿಗೆ ಒಂಚೂರು ತಾಗಿಸ್ದ, ನಂಬರ್ ಪ್ಲೇಟ್ ಫೋಟೋ ತೆಗ್ದ, ಪ್ರಿಂಟ್ ಬಂತು. ಸರಿಯಾಗಿ ಮಾಡಿದ್ರೂ ಪೆಟ್ರೋಲ್ ಗಾಡಿಗೆ ಆ ಟೆಸ್ಟು ನೋಡೋದು ನಿಂತಲ್ಲೇ ಇಂಜಿನ್ ಓಡ್ತಿರುವಾಗ ಬರೋ ಕಾರ್ಬನ್ ಮಾನಾಕ್ಸೈಡು, ಹೈಡ್ರೋಕಾರ್ಬನ್ನು ಮುಖ್ಯವಾಗಿ, ನೈಟ್ರೋಜನ್ ಆಕ್ಸೈಡ್ ನೋಡೋದೇ ಇಲ್ಲ.

ನಿಮ್ಮ 20ರ ಕಥೆನೂ ಹಂಗೇ. ಅದು ರೋಲರ್ ಮೇಲೆ ಎಸಿ ಆಫ್ ಮಾಡಿ ಓಡ್ಸಿ ಬಂದ ನಂಬರ್ರು, ತಿಪಟೂರು ಸಂತೆ ದಿನದ ಟ್ರಾಫಿಕ್ಕು ಅದರಲ್ಲಿ ಎಲ್ಲಿಂದ ಬರ್ಬೇಕು. ಲ್ಯಾಬ್ ನಂಬಿದ್ರೆ ಏನಾಗತ್ತೆ ಅನ್ನೋದಕ್ಕೆ ಫೋಕ್ಸ್‌ವ್ಯಾಗನ್ ಕೇಸ್ ನೋಡಿ. ಟೆಸ್ಟ್ ನಡೀತಿದೆ ಅಂತ ಗೊತ್ತಾದ್ ಕೂಡ್ಲೇ ಹೊಗೆ ಕಮ್ಮಿ ಮಾಡೋ ಸಾಫ್ಟ್‌ವೇರು, ಪ್ರಪಂಚದಲ್ಲಿ ಸುಮಾರು 1.1 ಕೋಟಿ ಕಾರಿನಲ್ಲಿ. ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿಯವ್ರು ಕಾರಿಗೇ ಮೀಟರ್ ಕಟ್ಟಿ ರೋಡಲ್ಲಿ ಓಡಿಸಿದ್ರಿಂದ ಅನುಮಾನ ಎದ್ದು, 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಹಿಡೀತು. ನಮ್ಮಲ್ಲೂ 2023ರ ಏಪ್ರಿಲ್‌ನಿಂದ ಬಿಎಸ್-6 ಎರಡನೇ ಹಂತದಲ್ಲಿ ಹೊಸ ಕಾರಿಗೆ ಹಂಗೇ ರೋಡ್ ಟೆಸ್ಟ್ ಇದೆ. ಆದ್ರೆ ಅದು ಹೊಗೆಗೆ, ಮೈಲೇಜ್‌ಗಲ್ಲ!

ಇನ್ನು ಕೆಫೆ. ಇದು ಒಂದೊಂದು ಕಾರಿಗಲ್ಲ, ಕಂಪನಿ ವರ್ಷದಲ್ಲಿ ಮಾರಿದ ಎಲ್ಲಾ ಕಾರುಗಳ ಸರಾಸರಿಗೆ. ಪೆಟ್ರೋಲ್ ಜಾಸ್ತಿ ಸುಟ್ಟಷ್ಟೂ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಬರತ್ತೆ, ಅದಕ್ಕೇ ಮಿತಿ ಇರೋದು ಅದರ ಮೇಲೆ: 2017-18ರಿಂದ ಕಿಲೋಮೀಟರ್‌ಗೆ 130 ಗ್ರಾಂ, 2022-23ರಿಂದ 113, ಅಂದ್ರೆ ಲೀಟರ್ ಪೆಟ್ರೋಲ್‌ಗೆ ಸುಮಾರು 21 ಕಿ.ಮೀ. ನಂಗೆ ಸಂಕಟ ಆಗೋದು ಇಲ್ಲಿ: ಗಾಡಿ ತೂಕ ಜಾಸ್ತಿ ಆದಷ್ಟೂ ಮಿತಿನೂ ಸಡಿಲ ಆಗತ್ತೆ, ಒಂದು ಎಲೆಕ್ಟ್ರಿಕ್ ಕಾರು ಮಾರಿದ್ರೆ ಮೂರು ಅಂತ ಲೆಕ್ಕ. ದಪ್ಪ ದಪ್ಪ ಎಸ್‌ಯುವಿ ಮಾರೋರಿಗೆ ಉಸಿರಾಡೋಕೆ ಜಾಗ, ಪುಟ್ಟ ಕಾರು ಮಾಡೋರಿಗೆ ಬಿಗಿ. 2025ರ ಸೆಪ್ಟೆಂಬರ್‌ನ ಮೂರನೇ ಹಂತದ ಕರಡಲ್ಲಿ 909 ಕೆಜಿ ಒಳಗಿನ ಪೆಟ್ರೋಲ್ ಕಾರಿಗೆ ರಿಯಾಯ್ತಿ ಅಂತ ಬಂದಾಗ ಕಂಪನಿಗಳೊಳಗೇ ಜಗಳ ಎದ್ದಿತು. ನನ್ನ ಕೇಳಿದ್ರೆ ರಿಯಾಯ್ತಿ ಕೊಡೋದಕ್ಕಿಂತ ತೂಕದ ಲೆಕ್ಕವನ್ನೇ ಬಿಗಿ ಮಾಡ್ಬೇಕು, ಜೊತೆಗೆ ಮೈಲೇಜನ್ನೂ ರೋಡಲ್ಲೇ ಅಳೀಬೇಕು.

ನಿಮ್ಮ ಹತ್ರ ಒಂದು ಕೇಳ್ಕೋತೀನಿ ಮೇಷ್ಟ್ರೇ. ಒಂದೇ ಬಂಕಲ್ಲಿ ಫುಲ್ ಟ್ಯಾಂಕ್ ಹಾಕ್ಸಿ, ಪಂಪ್ ತಾನಾಗೇ ಕಟ್ ಆದಾಗ ನಿಲ್ಸಿ, ಮೀಟರ್ ಬರ್ಕೊಳ್ಳಿ, ಟ್ಯಾಂಕ್ ಖಾಲಿ ಆಗ್ತಾ ಬಂದಾಗ ಮತ್ತೆ ಅಲ್ಲೇ ತುಂಬ್ಸಿ. ಹೀಗೆ ಮೂರು ಸಲ. ಊರೊಳಗಾ ಹೈವೇನಾ, ಎಸಿ ಹಾಕಿದ್ರಾ, ಬರೆದು ಕಳ್ಸಿ. ಬೇರೆ ಓದುಗರೂ ಕಳ್ಸಿ, ಕಾರಿನ ಮಾಡೆಲ್ ಪ್ರಕಾರ ಕಂಪನಿ ನಂಬರ್ ಪಕ್ಕದಲ್ಲೇ ನಿಮ್ಮ ನಂಬರ್ ಹಾಕಿ ಪ್ರಿಂಟ್ ಮಾಡ್ತೀವಿ.

— ಸಂಪಾದಕ