ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಹಿಂಬದಿಯಿಂದ ನರಳುವ ಸದ್ದು: ಡಿಫರೆನ್ಶಿಯಲ್ ಆಯಿಲ್ ಕಡಿಮೆಯಾಗಿದೆಯೇ?

ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ಜಮಖಂಡಿಯಲ್ಲಿರುವ ನೀವು ಸೆಕೆಂಡ್ ಹ್ಯಾಂಡಿನಲ್ಲಿ 2010ರ ಹೋಂಡಾ ಸಿಆರ್-ವಿ ಕೊಂಡಿದ್ದೀರಿ, ಅದು ನಾಲ್ಕೂ ಚಕ್ರಗಳಿಗೆ ಎಳೆತವಿರುವ 2.4 ಲೀಟರ್ ಮಾದರಿ. ಗಾಡಿ ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ, ಇಕ್ಕಟ್ಟಾದ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಳಿಸುವಾಗ ಹಿಂದಿನ ಸೀಟಿನ ಕೆಳಗಿನಿಂದ ನರಳಿದಂತಹ ಸದ್ದೂ ಸಣ್ಣ ನಡುಕವೂ ಬರುತ್ತವೆ, ನೇರ ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಗ್ಯಾರೇಜಿನವರು ಡಿಫರೆನ್ಶಿಯಲ್ಲನ್ನೇ, ಅಂದರೆ ಹಿಂದಿನ ಎರಡು ಚಕ್ರಗಳಿಗೆ ಬಲವನ್ನು ಹಂಚುವ ಗೇರ್ ಪೆಟ್ಟಿಗೆಯನ್ನೇ, ಬದಲಿಸಬೇಕೆಂದು ಹೇಳಿದ್ದಾರೆ. ಆಯಿಲ್ ಕಡಿಮೆಯಾಗಿ ಹೀಗಾಗಿರಬಹುದೇ, ಅದನ್ನು ನೀವೇ ಪರೀಕ್ಷಿಸಬಹುದೇ ಎಂದು ಕೇಳಿದ್ದೀರಿ. ನಾನು ಬೆಳಗಾವಿಯ ಉದ್ಯಮಬಾಗದ ಕಡೆ ಗೇರ್‌ಬಾಕ್ಸ್ ಮತ್ತು ಡಿಫರೆನ್ಶಿಯಲ್ ಕೆಲಸ ಮಾಡುವವನು. ನೀವು ಹೇಳುವ ಲಕ್ಷಣ ಹೆಚ್ಚಾಗಿ ಆಯಿಲ್ ಹಳತಾಗಿರುವುದರ ಗುರುತು. ಮಟ್ಟವೂ ಇಳಿದಿರಬಹುದು, ಆದರೆ ಅದನ್ನು ಕಿವಿಯಿಂದ ತೀರ್ಮಾನಿಸಲು ಬರುವುದಿಲ್ಲ, ಬೋಲ್ಟ್ ಬಿಚ್ಚಿಯೇ ನೋಡಬೇಕು. ಆಯಿಲ್ ಬದಲಿಸಿ ನೋಡುವ ಮೊದಲೇ ಇಡೀ ಡಿಫರೆನ್ಶಿಯಲ್ ಬದಲಿಸಲು ದಯವಿಟ್ಟು ಒಪ್ಪಬೇಡಿ.

ಕಾರಣ ತಿಳಿಯಬೇಕಾದರೆ ಒಳಗೆ ಏನಿದೆ ಎಂಬುದನ್ನು ಸ್ವಲ್ಪ ನೋಡಬೇಕು. ನಿಮ್ಮ ಪೀಳಿಗೆಯ ಸಿಆರ್-ವಿಯ ಹಿಂದಿನ ಡಿಫರೆನ್ಶಿಯಲ್‌ನಲ್ಲಿ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳ ಮುಂದೆ ಎರಡು ಪಂಪುಗಳೂ ಹಲವು ತಟ್ಟೆಗಳಿರುವ ಒಂದು ಕ್ಲಚ್ಚೂ ಇವೆ. ಒಂದು ಪಂಪನ್ನು ಎಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ತಿರುಗಿಸಿದರೆ, ಇನ್ನೊಂದನ್ನು ಹಿಂದಿನ ಚಕ್ರಗಳ ಓಟ ತಿರುಗಿಸುತ್ತದೆ. ಎರಡೂ ಸಮವೇಗದಲ್ಲಿರುವಷ್ಟು ಹೊತ್ತು ಮೊದಲನೆಯದು ತಳ್ಳಿದ ಆಯಿಲನ್ನು ಎರಡನೆಯದು ಹೀರಿಕೊಳ್ಳುವುದರಿಂದ ಒತ್ತಡ ಹುಟ್ಟುವುದಿಲ್ಲ, ಕ್ಲಚ್ ಬಿಟ್ಟುಕೊಂಡೇ ಇರುತ್ತದೆ, ಗಾಡಿ ಮುಂದಿನ ಎರಡು ಚಕ್ರಗಳ ಬಲದಲ್ಲಿಯೇ ಓಡುತ್ತದೆ. ಮುಂದಿನ ಚಕ್ರಗಳು ಕೆಸರಿನಲ್ಲಿ ಜಾರಿ ಹೆಚ್ಚು ಸುತ್ತು ತಿರುಗಿದವೆಂದರೆ ಮೊದಲ ಪಂಪಿನ ಆಯಿಲ್ ಮಿಕ್ಕುತ್ತದೆ, ಆ ಮಿಕ್ಕ ಆಯಿಲಿನ ಒತ್ತಡ ಕ್ಲಚ್ ತಟ್ಟೆಗಳನ್ನು ಒತ್ತಿ ಹಿಡಿಯುತ್ತದೆ, ಆಗ ಹಿಂದಿನ ಚಕ್ರಗಳಿಗೂ ಎಳೆತ ಸಿಗುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ ಪಂಪು, ಕ್ಲಚ್, ಕ್ರೌನ್, ಬೇರಿಂಗ್ ಎಲ್ಲಕ್ಕೂ ಇರುವುದು ಇದೊಂದೇ ಆಯಿಲ್, ಅದೂ ಒಂದು ಲೀಟರಿಗಿಂತ ಸ್ವಲ್ಪವೇ ಹೆಚ್ಚು.

ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರಗಳು ದೊಡ್ಡ ಸುತ್ತಿನಲ್ಲಿಯೂ ಹಿಂದಿನವು ಚಿಕ್ಕ ಸುತ್ತಿನಲ್ಲಿಯೂ ಹೋಗುತ್ತವೆ. ಸಿಆರ್-ವಿಯಷ್ಟು ಉದ್ದದ ಗಾಡಿಯಲ್ಲಿ ಈ ಅಂತರ ಶೇಕಡಾ ಹತ್ತನ್ನೂ ಮೀರುತ್ತದೆ. ಹೀಗಾಗಿ ಚಕ್ರ ಎಲ್ಲಿಯೂ ಜಾರದಿದ್ದರೂ ಮುಂದಿನ ಪಂಪು ಹಿಂದಿನದನ್ನು ಮೀರಿ ಅಲ್ಪ ಒತ್ತಡ ಹುಟ್ಟಿಸುತ್ತದೆ, ತಟ್ಟೆಗಳು ಒಂದನ್ನೊಂದು ಸವರುತ್ತ ತಿರುಗುತ್ತವೆ. ಆಯಿಲ್ ಹೊಸದಾಗಿದ್ದರೆ ಅದರಲ್ಲಿರುವ ಘರ್ಷಣೆ ನಿಯಂತ್ರಿಸುವ ಅಂಶಗಳು ಈ ಸವರುವಿಕೆಯನ್ನು ನಯವಾಗಿಡುತ್ತವೆ. ವರ್ಷಗಳ ಬಿಸಿಯಲ್ಲಿ ಆ ಅಂಶಗಳು ಸೋತ ಮೇಲೆ ತಟ್ಟೆಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ತಿರುಗತೊಡಗುತ್ತವೆ. ತೊಳೆದ ಗಾಜಿನ ಮೇಲೆ ಬೆರಳನ್ನು ಒತ್ತಿ ಎಳೆದರೆ ಕಿರುಗುಟ್ಟುತ್ತದಲ್ಲ, ಅದೇ ಕ್ರಿಯೆ ಇಲ್ಲಿ ದಪ್ಪ ದನಿಯಲ್ಲಿ ನಡೆಯುತ್ತದೆ. ನೀವು ಕೇಳುತ್ತಿರುವ ನರಳಿಕೆಯೂ ನಡುಕವೂ ಇವೇ ಎಂದು ನನ್ನ ಅಂದಾಜು.

ಇದಕ್ಕೆ ಹೋಲಿಸಿದರೆ ಆಯಿಲ್ ನಿಜವಾಗಿಯೂ ಕಡಿಮೆಯಾದ ಗಾಡಿ ಬೇರೆ ರೀತಿಯಲ್ಲಿ ವರ್ತಿಸುತ್ತದೆ. ಮಟ್ಟ ಇಳಿದಾಗ ಪಂಪು ಆಯಿಲಿನ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ನೊರೆಯೆದ್ದ ಆಯಿಲಿನಿಂದ ಒತ್ತಡ ಹುಟ್ಟುವುದಿಲ್ಲ, ಕ್ಲಚ್ಚಿನ ಹಿಡಿತ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಕಬ್ಬಿನ ಹೊಲದ ದಾರಿಯ ಎರೆಮಣ್ಣಿನಲ್ಲಿ ಮುಂದಿನ ಚಕ್ರಗಳು ಗಿರಗಿರ ತಿರುಗುತ್ತಿದ್ದರೂ ಹಿಂದಿನವು ತಳ್ಳದೆ ಸುಮ್ಮನಿದ್ದರೆ ಮಟ್ಟದ ಬಗ್ಗೆ ಮೊದಲ ಅನುಮಾನ ಬರಬೇಕು. ಎರಡನೆಯ ಲಕ್ಷಣ ನೇರ ರಸ್ತೆಯಲ್ಲಿ ಕೇಳಿಸುವ ಸಣ್ಣ ಊಳು. ಅದು ವೇಗ ಏರಿದಂತೆ ಏರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ. ಕ್ರೌನ್, ಪಿನಿಯನ್ ಮತ್ತು ಅವುಗಳ ಬೇರಿಂಗುಗಳಿಗೆ ಆಯಿಲ್ ಸಾಲದಿದ್ದಾಗ ಬರುವ ದನಿಯದು. ನಿಮ್ಮ ಗಾಡಿಯಲ್ಲಿ ಈ ಎರಡೂ ಇಲ್ಲವೆಂದು ಬರೆದಿದ್ದೀರಿ. ಸದ್ದು ಬರುತ್ತಿದೆ ಎಂದರೆ ಕ್ಲಚ್ಚಿಗೆ ಒತ್ತಡ ಇನ್ನೂ ತಲುಪುತ್ತಿದೆ ಎಂದೇ ಅರ್ಥ, ಹಾಗಾಗಿ ಅದು ಒಂದು ಮಟ್ಟಿಗೆ ಒಳ್ಳೆಯ ಸುದ್ದಿಯೇ.

ಬೇರೆ ಅನುಮಾನಗಳನ್ನು ಬೇಗ ಪರಿಹರಿಸಿಕೊಳ್ಳಬಹುದು. ಸ್ಟೇರಿಂಗ್ ತಿರುಗಿಸಿದಾಗ ಮುಂಭಾಗದಿಂದ ಟಕ್ ಟಕ್ ಎಂದು ಎಣಿಸಬಹುದಾದಂತೆ ಸದ್ದು ಬಂದರೆ ಅದು ಆಕ್ಸಲ್ ಜಾಯಿಂಟಿನದು. ಐವತ್ತು ಅರವತ್ತರ ವೇಗದಲ್ಲಿ ಖಾಲಿ ರಸ್ತೆಯಲ್ಲಿ ಗಾಡಿಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿಸಿದಾಗ ಮೊರೆತ ಏರಿಳಿದರೆ ವೀಲ್ ಬೇರಿಂಗ್ ನೋಡಿಸಿ. ಕ್ಲಚ್ಚಿನ ಸದ್ದನ್ನು ಖಚಿತಪಡಿಸಿಕೊಳ್ಳಲು ಗಾಡಿಯನ್ನು ಏಳೆಂಟು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಡಿಗೆಯ ವೇಗದಲ್ಲಿ ಎರಡೂ ದಿಕ್ಕಿಗೆ ಸುತ್ತು ಹಾಕಿ. ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಂಡರೆ ಸದ್ದು ಎಲ್ಲಿಂದ ಏಳುತ್ತಿದೆ ಎಂಬುದನ್ನು ಅವರು ಕಾಲಿನ ಕೆಳಗಿನ ನಡುಕದಿಂದಲೇ ಹೇಳುತ್ತಾರೆ.

ಈಗ ಮಟ್ಟ ನೋಡುವ ಕೆಲಸ. ಎಂಜಿನ್ನಿಗಿರುವಂತೆ ಇದಕ್ಕೆ ಅಳತೆಕಡ್ಡಿ ಇಲ್ಲ, ಆಯಿಲ್ ತುಂಬುವ ರಂಧ್ರದ ಕೆಳ ಅಂಚೇ ಅಳತೆ. ಆದ್ದರಿಂದ ಗಾಡಿ ನಾಲ್ಕೂ ಚಕ್ರಗಳ ಮೇಲೆ ಸಮತಟ್ಟಾಗಿ ನಿಂತಿರುವುದು ಬಹಳ ಮುಖ್ಯ. ಹಿಂಭಾಗವನ್ನು ಮಾತ್ರ ಜಾಕಿನಲ್ಲಿ ಎತ್ತಿ ನೋಡಿದರೆ ಆಯಿಲ್ ಒಂದು ಕಡೆಗೆ ಸರಿದು ಮಟ್ಟ ಸುಳ್ಳು ಹೇಳುತ್ತದೆ. ಹಿಂದೆ ಯಾರೋ ಹೀಗೆ ಎತ್ತಿಕೊಂಡೇ ಆಯಿಲ್ ತುಂಬಿದ್ದರಿಂದ, ಎಲ್ಲಿಯೂ ಸೋರಿಕೆಯಿಲ್ಲದೆ ಕಡಿಮೆ ಆಯಿಲಿನಲ್ಲಿ ಓಡುತ್ತಿರುವ ಗಾಡಿಗಳನ್ನು ನಾನು ನೋಡಿದ್ದೇನೆ. ನಿಮ್ಮ ಮನೆಯ ಹತ್ತಿರ ಸರ್ವಿಸ್ ಸ್ಟೇಷನ್ನಿನ ಗುಂಡಿಯೋ ನಾಲ್ಕು ಕಂಬದ ರ‍್ಯಾಂಪೋ ಇದ್ದರೆ ಅಲ್ಲಿಯೇ ಮಾಡುವುದು ಲೇಸು. ಬರಿಯ ಜಾಕಿನ ಆಧಾರದಲ್ಲಿ ನಿಂತ ಗಾಡಿಯ ಕೆಳಗೆ ಎಂದಿಗೂ ಮಲಗಬೇಡಿ.

ಡಿಫರೆನ್ಶಿಯಲ್ ಮೈಯಲ್ಲಿ ಎರಡು ಬೋಲ್ಟುಗಳಿವೆ, ಮೇಲಿನದು ತುಂಬುವುದಕ್ಕೆ, ಕೆಳಗಿನದು ಬಸಿಯುವುದಕ್ಕೆ. ಎರಡರ ತಲೆಯಲ್ಲಿಯೂ ಚೌಕಾಕಾರದ ಕುಳಿಯಿದ್ದು, ಸಾಕೆಟ್ ಹಾಕದೆ 3/8 ಇಂಚಿನ ರ‍್ಯಾಚೆಟ್ ಪಾನಾದ ಚೌಕ ಮೂತಿಯನ್ನೇ ನೇರವಾಗಿ ಕೂರಿಸಬಹುದು. ಮೊದಲು ತಂತಿಯ ಬ್ರಶ್ಶಿನಿಂದ ಸುತ್ತಲ ಮಣ್ಣನ್ನೂ ಕುಳಿಯೊಳಗಿನ ಮಣ್ಣನ್ನೂ ತೆಗೆಯಿರಿ, ಇಲ್ಲದಿದ್ದರೆ ಪಾನಾ ಪೂರ್ತಿ ಕೂರದೆ ಜಾರಿ ಚೌಕದ ಮೂಲೆಗಳು ಸವೆದುಹೋಗುತ್ತವೆ. ಯಾವಾಗಲೂ ಮೇಲಿನ ಬೋಲ್ಟನ್ನೇ ಮೊದಲು ಬಿಚ್ಚಬೇಕು. ಕೆಳಗಿನದನ್ನು ಬಿಚ್ಚಿ ಆಯಿಲ್ ಚೆಲ್ಲಿದ ಮೇಲೆ ಮೇಲಿನದು ಜಗ್ಗದಿದ್ದರೆ ಗಾಡಿ ಅಲ್ಲಿಯೇ ನಿಲ್ಲುತ್ತದೆ. ಬೋಲ್ಟ್ ಬಿಚ್ಚುತ್ತಿದ್ದಂತೆ ಆಯಿಲ್ ಅಂಚಿನಿಂದ ಒಸರಿದರೆ ಅಥವಾ ಬೆರಳಿನ ತುದಿಯನ್ನು ಒಳಗಿಟ್ಟಾಗ ಅಂಚಿನ ಮಟ್ಟದಲ್ಲಿಯೇ ತಗುಲಿದರೆ ಮಟ್ಟ ಸರಿಯಾಗಿದೆ. ಬೆರಳನ್ನು ಬಾಗಿಸಿದರೂ ತಗುಲದಿದ್ದರೆ ಕಡಿಮೆಯಾಗಿದೆ. ಗಾಡಿ ಈಗಷ್ಟೇ ಓಡಿ ಬಂದಿದ್ದರೆ ಆಯಿಲ್ ಕೈ ಸುಡುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಎಷ್ಟು ಕಡಿಮೆ ಎಂಬುದನ್ನು ತಿಳಿಯಲು ನಾನು ಮಾಡುವುದು ಬಹಳ ಸರಳ. ಇರುವುದನ್ನೆಲ್ಲ ಗೆರೆ ಹಾಕಿದ ಜಗ್ಗಿಗೆ ಬಸಿದು ಅಳೆಯುತ್ತೇನೆ. ನಿಮ್ಮ ಮಾದರಿಯಲ್ಲಿ ಬದಲಿಸುವಾಗ ಹಿಡಿಯುವುದು ಸುಮಾರು 1.2 ಲೀಟರ್. ಅರ್ಧ ಲೀಟರ್ ಮಾತ್ರ ಬಂದರೆ ಉಳಿದದ್ದು ಎಲ್ಲಿ ಹೋಯಿತೆಂದು ಹುಡುಕಲೇಬೇಕು. ಬಸಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಬಿಸಿಲಿನಲ್ಲಿ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಹಳತಾಗಿದೆ. ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬೆರಳುಗಳ ನಡುವೆ ಉಜ್ಜಿದಾಗ ಬೂದು ಬಣ್ಣದ ನಯವಾದ ಪುಡಿ ಸಿಕ್ಕರೆ ಅದು ಸಹಜ ಸವೆತ, ಉಗುರಿಗೆ ಸಿಗುವಂತಹ ಲೋಹದ ಚೂರು ಸಿಕ್ಕರೆ ಮಾತ್ರ ಗ್ಯಾರೇಜಿನವರ ಮಾತಿಗೆ ಬೆಲೆ ಬರುತ್ತದೆ.

ಈ ಆಯಿಲ್ ಎಂಜಿನ್ ಆಯಿಲಿನಂತೆ ಉರಿದು ಹೋಗುವುದಿಲ್ಲ, ಕಡಿಮೆಯಾಗಿದ್ದರೆ ಸೋರಿರಬೇಕು, ಇಲ್ಲವೇ ಮೊದಲೇ ಕಡಿಮೆ ತುಂಬಿರಬೇಕು. ಸೋರುವ ಜಾಗಗಳು ಕೆಲವೇ: ಪ್ರೊಪೆಲ್ಲರ್ ಶಾಫ್ಟ್ ಕೂಡುವಲ್ಲಿರುವ ಆಯಿಲ್ ಸೀಲ್, ಎರಡೂ ಬದಿಯ ಆಕ್ಸಲ್ ಸೀಲುಗಳು, ಬೋಲ್ಟುಗಳ ವಾಶರುಗಳು. ನಮ್ಮ ಕಡೆಯ ಮಣ್ಣು ಈ ವಿಷಯದಲ್ಲಿ ಉಪಕಾರಿ. ಬೆಳಗಾವಿಯ ಕೆಂಪು ಧೂಳಾಗಲಿ ನಿಮ್ಮ ಕಡೆಯ ಎರೆಮಣ್ಣಾಗಲಿ ಒಣ ಲೋಹದಿಂದ ಉದುರಿ ಹೋಗುತ್ತದೆ, ಆಯಿಲ್ ಒಸರುವಲ್ಲಿ ಮಾತ್ರ ಒದ್ದೆಯಾದ ದಪ್ಪ ಪದರವಾಗಿ ಕೂರುತ್ತದೆ. ಅನುಮಾನವಿದ್ದರೆ ಡೀಸೆಲ್ಲಿನಲ್ಲಿ ತೊಳೆದು ಒರೆಸಿ, ಒಂದು ವಾರ ಓಡಿಸಿ, ಮತ್ತೆ ನೋಡಿ. ಸೀಲ್ ಬದಲಿಸುವ ಮೊದಲು ಡಿಫರೆನ್ಶಿಯಲ್ ನೆತ್ತಿಯ ಮೇಲಿರುವ ಗಾಳಿಕೊಳವೆಯನ್ನು, ಅಂದರೆ ಬ್ರೀದರನ್ನು, ಪರೀಕ್ಷಿಸಲು ಹೇಳಿ. ಅದು ಮಣ್ಣು ಕಟ್ಟಿ ಮುಚ್ಚಿಕೊಂಡಿದ್ದರೆ ಬಿಸಿಯಾದ ಗಾಳಿ ಹೊರಹೋಗಲು ದಾರಿಯಿಲ್ಲದೆ ಸೀಲುಗಳನ್ನು ಒತ್ತುತ್ತದೆ, ಹೊಸ ಸೀಲೂ ಬೇಗ ಸೋರತೊಡಗುತ್ತದೆ. ಕೃಷ್ಣೆಗೆ ಪ್ರವಾಹ ಬಂದಾಗಲೋ ಖಾನಾಪುರದ ಕಡೆಯ ಮಳೆಯಲ್ಲೋ ಬಿಸಿಯಾದ ಗಾಡಿಯನ್ನು ಆಳವಾದ ನೀರಿಗೆ ಇಳಿಸಿದ್ದರೆ, ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗಿ ಬ್ರೀದರಿನ ಮೂಲಕವೋ ಹಳೆಯ ಸೀಲಿನ ಮೂಲಕವೋ ನೀರನ್ನು ಎಳೆದುಕೊಂಡಿರಬಹುದು. ನೀರು ಸೇರಿದ ಡಿಫರೆನ್ಶಿಯಲ್‌ನಲ್ಲಿ ಮಟ್ಟ ಸರಿಯಿದ್ದಂತೆಯೇ ಕಾಣುತ್ತದೆ, ಆದ್ದರಿಂದ ಮಟ್ಟ ನೋಡಿದ ಮಾತ್ರಕ್ಕೆ ನಿಲ್ಲಿಸಬಾರದು.

ಟೈರುಗಳ ಬಗ್ಗೆಯೂ ಕೇಳಬೇಕಾಗಿದೆ, ಏಕೆಂದರೆ ಆಯಿಲ್ ಬೇಗ ಹಾಳಾಗುವುದಕ್ಕೆ ಇದೊಂದು ಕಾರಣವೆಂದು ಅನೇಕರಿಗೆ ತೋಚುವುದಿಲ್ಲ. ನಿಮ್ಮದು 225/65 ಆರ್17 ಟೈರಾದರೆ ಹೊಸದರ ವ್ಯಾಸ ಸುಮಾರು 724 ಮಿಲಿಮೀಟರ್. ಮುಂದಿನವು 5 ಮಿಲಿಮೀಟರ್ ಸವೆದು ಹಿಂದೆ ಹೊಸದನ್ನು ಹಾಕಿದ್ದರೆ, ಪ್ರತಿ ಕಿಲೋಮೀಟರಿಗೆ ಮುಂದಿನ ಚಕ್ರಗಳು ಸುಮಾರು ಆರು ಸುತ್ತು ಹೆಚ್ಚು ತಿರುಗುತ್ತವೆ. ನೇರ ರಸ್ತೆಯಲ್ಲಿಯೂ ಮುಂದಿನ ಪಂಪಿಗೆ ಬಿಡುವಿಲ್ಲ, ಕ್ಲಚ್ ಸವರುತ್ತಲೇ ಇರುತ್ತದೆ, ಆಯಿಲ್ ಬಿಸಿಯಾಗುತ್ತದೆ. ಹಣ ಉಳಿಸಲೆಂದು ಎರಡೇ ಟೈರು ಬದಲಿಸುವ ಅಭ್ಯಾಸ ಈ ಗಾಡಿಗೆ ದುಬಾರಿಯಾಗುತ್ತದೆ.

ಯಾವ ಆಯಿಲ್ ಹಾಕಬೇಕೆಂಬಲ್ಲಿ ರಾಜಿ ಬೇಡ. ಇದಕ್ಕೆ ಬೇಕಾದದ್ದು ಹೋಂಡಾದ ಡ್ಯುಯಲ್ ಪಂಪ್ ಫ್ಲೂಯಿಡ್ II, ಅಥವಾ ಅದಕ್ಕೆ ಸರಿಹೊಂದುತ್ತದೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿರುವ ಆಯಿಲ್. ಲಾರಿಗೆ ಹಾಕುವ 80ಡಬ್ಲ್ಯೂ-90 ಗೇರ್ ಆಯಿಲ್ ಕ್ರೌನಿಗೆ ಒಳ್ಳೆಯದೇ ಆದರೂ ಈ ಕ್ಲಚ್ಚಿಗೆ ಆಗದು, ಸದ್ದು ಇನ್ನೂ ಹೆಚ್ಚುತ್ತದೆ. ನಿಮ್ಮ ಗ್ಯಾರೇಜಿನವರು ಅದನ್ನೇ ತುಂಬಿಲ್ಲವೆಂದು ಖಾತ್ರಿಪಡಿಸಿಕೊಳ್ಳಿ. ಇದೇ ಉತ್ತರವನ್ನು ಬೇರೆ ಗಾಡಿಯವರು ತಮಗೂ ಅನ್ವಯಿಸಿಕೊಳ್ಳಬಾರದು: ಹಾಲ್ಡೆಕ್ಸ್ ಎಂಬ ಬೇರೆ ಬಗೆಯ ಕ್ಲಚ್ ಇರುವ ಸ್ಕೋಡಾ, ಫೋಕ್ಸ್‌ವ್ಯಾಗನ್ ಗಾಡಿಗಳಲ್ಲಿ ಕ್ಲಚ್ಚಿನ ಆಯಿಲ್ ಬೇರೆ, ಕ್ರೌನಿನ ಆಯಿಲ್ ಬೇರೆ, ಎರಡಕ್ಕೂ ಪ್ರತ್ಯೇಕ ಕೋಣೆಗಳಿವೆ.

ಹೊಸ ಆಯಿಲನ್ನು ರಂಧ್ರದ ಅಂಚಿನಿಂದ ಒಸರುವವರೆಗೆ ತುಂಬಿ, ಹೊಸ ವಾಶರ್ ಹಾಕಿ, ಬೋಲ್ಟುಗಳನ್ನು 47 ನ್ಯೂಟನ್ ಮೀಟರಿಗೆ ಬಿಗಿಯಬೇಕು. ನಂತರ ಮೈದಾನದಲ್ಲಿ ಮೊದಲಿನಂತೆಯೇ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎರಡೂ ದಿಕ್ಕಿಗೆ ನಿಧಾನವಾಗಿ ಸುತ್ತು ಹಾಕಿದರೆ ಆಯಿಲ್ ತಟ್ಟೆಗಳ ನಡುವೆ ಸೇರುತ್ತದೆ. ಸದ್ದು ಬಹುಮಟ್ಟಿಗೆ ಇಳಿದು ಅಲ್ಪ ಉಳಿದರೆ ಗಾಬರಿ ಬೇಡ. ಬಸಿದಾಗ ಎಲ್ಲ ಹಳೆಯ ಆಯಿಲ್ ಹೊರಬರುವುದಿಲ್ಲ, ಕೆಲವು ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಿಸಿ. ಎರಡನೆಯ ಸಲವೂ ಸದ್ದು ಹಾಗೆಯೇ ಇದ್ದರೆ, ಅಥವಾ ನೇರ ರಸ್ತೆಯಲ್ಲಿ ಊಳುವ ದನಿ ಶುರುವಾಗಿದ್ದರೆ, ಅಥವಾ ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ತುದಿಯನ್ನು ಹಿಡಿದು ಅಲುಗಿಸಿದಾಗ ಮೇಲೆ ಕೆಳಗೆ ಆಟ ಕಂಡರೆ, ಆಗ ಬಿಚ್ಚಿಸಿ ನೋಡುವುದು ನ್ಯಾಯ. ಅಂತಹ ಸ್ಥಿತಿಯಲ್ಲಿ ಗಾಡಿಯನ್ನು ಬೆಳಗಾವಿಗೆ ಸಾಗಿಸಬೇಕಾದರೆ ನಾಲ್ಕೂ ಚಕ್ರಗಳು ಮೇಲಿರುವಂತೆ ಲಾರಿಯ ಮೇಲೆಯೇ ತನ್ನಿ. ಮುಂದಿನ ಚಕ್ರಗಳನ್ನು ಮಾತ್ರ ಎತ್ತಿ ಹಿಂದಿನವನ್ನು ರಸ್ತೆಯ ಮೇಲೆ ಉರುಳಿಸುತ್ತ ಎಳೆದು ತಂದರೆ ಒಂದು ಪಂಪು ತಿರುಗಿ ಇನ್ನೊಂದು ನಿಂತು, ಸರಿಯಿದ್ದ ಭಾಗಗಳೂ ದಾರಿಯಲ್ಲಿಯೇ ಕೆಡುತ್ತವೆ.