ಗೇರುಬೀಜದ ವ್ಯಾಪಾರದಲ್ಲಿ ಕ್ರಿಸ್ಮಸ್ ಉಡುಗೊರೆ: ಯಾರಿಗೆ, ಏನು, ಯಾವಾಗ?

ಪ್ರಶ್ನೆ: ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಗೇರುಬೀಜ ಕಾರ್ಖಾನೆಯಿದೆ. ಜರ್ಮನಿಯ ಒಂದು ಸಂಸ್ಥೆಯೂ ಕೊಲ್ಲಂ, ಬೆಂಗಳೂರುಗಳ ಸಗಟು ವ್ಯಾಪಾರಿಗಳೂ ನಮ್ಮ ಖರೀದಿದಾರರು. ರಟ್ಟಿನ ಪೆಟ್ಟಿಗೆ ಮಾಡುವವರು, ಲಾರಿ ಮಾಲೀಕರು, ಬಂದರಿನಲ್ಲಿ ಸರಕಿನ ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಕ್ಲಿಯರಿಂಗ್ ಏಜೆಂಟರು ನಮ್ಮ ಪೂರೈಕೆದಾರರು. ಇವರಲ್ಲಿ ಅನೇಕರು ಕ್ಯಾಥೊಲಿಕರು. ದೀಪಾವಳಿಗೆ ಎಲ್ಲರಿಗೂ ಸಿಹಿ ಹಂಚುತ್ತೇವೆ. ಈ ಬಾರಿ ಕ್ರಿಸ್ಮಸ್‌ಗೂ ಉಡುಗೊರೆ ಕೊಡಬೇಕೆಂದಿದೆ. ಎಲ್ಲರಿಗೂ ಒಂದೊಂದು ಪ್ಲಮ್ ಕೇಕ್ ಮತ್ತು ನಮ್ಮದೇ ಗೇರುಬೀಜದ ಡಬ್ಬ ಕೊಟ್ಟರೆ ಸಾಕೇ?

ಉತ್ತರ: ನಿಮ್ಮ ಆಲೋಚನೆ ಒಳ್ಳೆಯದು, ಆದರೆ ಎಲ್ಲರಿಗೂ ಒಂದೇ ಪೊಟ್ಟಣ ಎಂಬುದನ್ನು ಬಿಡಿ ಎಂದೇ ನನ್ನ ಸಲಹೆ. ಮೊದಲಿಗೆ ಗೇರುಬೀಜದ ಡಬ್ಬದ ವಿಷಯ. ವರ್ಷವಿಡೀ ನಿಮ್ಮಿಂದ ಸ್ಯಾಂಪಲ್ ತರಿಸಿಕೊಳ್ಳುವ ಖರೀದಿದಾರರಿಗೆ ಅದೇ ಸರಕನ್ನು ಚಂದದ ಕಾಗದದಲ್ಲಿ ಸುತ್ತಿ ಕಳಿಸಿದರೆ ಅದು ಇನ್ನೊಂದು ಸ್ಯಾಂಪಲ್ ಆಗಿಯೇ ಕಾಣುತ್ತದೆ. ಆ ಡಬ್ಬ ಲಾರಿ ಚಾಲಕರ ಮತ್ತು ಪೆಟ್ಟಿಗೆ ಮಾಡುವವರ ಮನೆಗೆ ಹೋಗಲಿ. ದಿನವೂ ನಿಮ್ಮ ಸರಕನ್ನು ಹೊತ್ತು ಇಳಿಸುವ, ಅದಕ್ಕೆ ಹೊದಿಕೆ ಮಾಡಿಕೊಡುವ ಅವರಿಗೆ ಒಳ್ಳೆಯ ಇಡೀ ಬೀಜ ತಿನ್ನುವ ಸಂದರ್ಭ ಬರುವುದು ಕಡಿಮೆ.

ಕ್ಯಾಥೊಲಿಕ್ ಪೂರೈಕೆದಾರರಿಗೆ ಸಿಹಿ ಕಳಿಸುವ ಮುನ್ನ ಕರಾವಳಿಯ ಪದ್ಧತಿಯನ್ನು ನೆನೆಯಿರಿ. ಡಿಸೆಂಬರ್ ಮೂರನೆಯ ವಾರಕ್ಕೆ ಅವರ ಮನೆಗಳಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ, ಸಿದ್ಧವಾಗುತ್ತಿರುತ್ತದೆ. ನೆವ್ರಿ, ಗುಳಿಯೊ, ಲಾಡು, ಚಕ್ಕುಲಿ, ಫೋರ್ಕಿನ ಬೆನ್ನಿನ ಮೇಲೆ ಹಿಟ್ಟಿನ ತುಣುಕನ್ನು ಒತ್ತಿ ಸುರುಳಿ ಮಾಡಿ ಕರಿದು ಸಕ್ಕರೆ ಪಾಕ ಹಿಡಿಸಿದ ಕಿಡಿಯೊ, ಎಲ್ಲವೂ ಡಬ್ಬ ತುಂಬುತ್ತವೆ. ಆ ತಟ್ಟೆ ಅವರ ಮನೆಯಿಂದ ನೆರೆಹೊರೆಗೆ ಹೋಗುವಂಥದ್ದು. ಅಂಥ ಮನೆಗೆ ಪೇಟೆಯ ಕೇಕ್ ಕಳಿಸುವುದಕ್ಕಿಂತ ಚಿಕ್ಕಮಗಳೂರಿನ ಕಾಫಿಪುಡಿಯನ್ನೋ ಒಂದು ಬುಟ್ಟಿ ಹಣ್ಣನ್ನೋ ಕೊಡುವುದು ಲೇಸು. ಕುಸ್ವಾರ್ ಬೆಂಗಳೂರಿನ ಖರೀದಿದಾರರಿಗೆ ಹೋಗಲಿ. ಅವರು ಯಾವ ಮತದವರಾದರೂ ಸರಿ, ಮಂಗಳೂರಿನ ಕ್ರಿಸ್ಮಸ್ ಅವರಿಗೆ ಹೊಸದು. ಅದನ್ನು ಮನೆಯಲ್ಲೇ ಮಾಡಿ ಮಾರುವ ಮಹಿಳೆಯರಿಂದ ಮುಂಗಡ ಹೇಳಿ ಕೊಳ್ಳಿ. ಕುಸ್ವಾರ್‌ನಲ್ಲಿ ಬರುವ ರೋಸ್ ಕುಕೀಸ್ ಎಂಬ ಹೂವಿನಾಕಾರದ ಕರಿದ ತಿಂಡಿ ಗಾಳಿಯ ತೇವಕ್ಕೆ ಬೇಗ ಮೆತ್ತಗಾಗುತ್ತದೆ, ಒತ್ತಡಕ್ಕೆ ಪುಡಿಯಾಗುತ್ತದೆ. ಆದ್ದರಿಂದ ಅದನ್ನು ಬೇರೆ ಗಾಳಿಯಾಡದ ಡಬ್ಬದಲ್ಲಿ ಹಾಕಿಸಿ, ಪೆಟ್ಟಿಗೆಯ ಮೇಲ್ಭಾಗದಲ್ಲಿ ಇಡಿಸಿ.

ಕೊಲ್ಲಂನ ವ್ಯಾಪಾರಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅವರು ಕೇರಳದ ಸಿರಿಯನ್ ಕ್ರೈಸ್ತ ಪಂಗಡದವರಾಗಿದ್ದರೆ ಡಿಸೆಂಬರ್ 1ರಿಂದ 24ರವರೆಗೆ ಕ್ರಿಸ್ಮಸ್ ನೋಂಬು, ಅಂದರೆ ಮಾಂಸಾಹಾರ ಬಿಡುವ ವ್ರತ, ಹಿಡಿಯುವವರಿರಬಹುದು, ಅವರಲ್ಲಿ ಕಟ್ಟುನಿಟ್ಟಿನವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೊಟ್ಟೆ ಹಾಕಿದ ಕೇಕ್ 10ನೇ ತಾರೀಖಿಗೆ ತಲುಪಿದರೆ ಅವರಿಗೆ ಮುಜುಗರ. 23ರಂದು ತಲುಪಿದರೆ ಸಂತೋಷ. ಪೆಂಟೆಕೋಸ್ಟಲ್ ಎಂಬ ಕ್ರೈಸ್ತ ಪಂಗಡದ ಸಭೆಗಳಲ್ಲಿ ಕ್ರಿಸ್ಮಸ್ ಆಚರಿಸದವರೂ ಇದ್ದಾರೆ, ಅವರಿಗೆ ಹೊಸ ವರ್ಷದ ಶುಭಾಶಯ ಸಾಕು. ಇದನ್ನೆಲ್ಲ ಊಹಿಸುವ ಬದಲು ಅವರ ಕಚೇರಿಯಲ್ಲಿ ನಿಮಗೆ ಪರಿಚಯವಿರುವವರನ್ನು ನೇರವಾಗಿ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಪ್ಲಮ್ ಕೇಕ್ ಯಾರಿಗೇ ಕೊಡುವುದಾದರೂ ರಮ್ ಹಾಕಿದೆಯೇ ಎಂದು ಬೇಕರಿಯವರಲ್ಲಿ ವಿಚಾರಿಸಿಯೇ ಕೊಳ್ಳಿ.

ಜರ್ಮನಿಗೆ ಕಾಫಿ ಕಳಿಸೋಣ ಎಂದು ನಿಮಗೆ ಅನ್ನಿಸಬಹುದು. ಅಲ್ಲಿ ಹುರಿದ ಕಾಫಿಗೆ ಕಿಲೋಗೆ 2.19 ಯೂರೊ ಪ್ರತ್ಯೇಕ ತೆರಿಗೆಯಿದೆ, ಹಾಗಾಗಿ ಬೇಡ. ಧಾರವಾಡ ಪೇಡದಂಥ ಹಾಲಿನ ತಿಂಡಿಯೂ ಬೇಡ, ಏಕೆಂದರೆ ಐರೋಪ್ಯ ಒಕ್ಕೂಟದ ಹೊರಗಿನಿಂದ ಅಂಚೆಯಲ್ಲಿ ಬರುವ ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಅಲ್ಲಿ ತಡೆಯುತ್ತಾರೆ. ಚನ್ನಪಟ್ಟಣದ ಕುಶಲಕರ್ಮಿಗಳು ಮರವನ್ನು ಕಡೆದು ಅರಗಿನ ಬಣ್ಣ ಹಿಡಿಸಿ ಮಾಡುವ ಗಂಟೆ, ನಕ್ಷತ್ರಗಳಂಥ ಪುಟ್ಟ ಅಲಂಕಾರಗಳು ಅಲ್ಲಿಗೆ ಚೆನ್ನಾಗಿ ಒಪ್ಪುತ್ತವೆ. ಜರ್ಮನ್ ಮನೆಗಳಲ್ಲಿ ಉಡುಗೊರೆ ಬಿಚ್ಚುವುದು 24ರ ಸಂಜೆ, ಆಮೇಲೆ ಹೊಸ ವರ್ಷದವರೆಗೆ ಅನೇಕ ಕಚೇರಿಗಳು ಮುಚ್ಚಿರುತ್ತವೆ. ಪಾರ್ಸೆಲ್ ಡಿಸೆಂಬರ್ ಮೊದಲ ವಾರದಲ್ಲೇ ತಲುಪುವಂತೆ, ಸುಂಕ ಮತ್ತು ತೆರಿಗೆಯನ್ನು ನೀವೇ ಭರಿಸುವ ಷರತ್ತಿನಲ್ಲಿ ಕಳಿಸಿ. ಉಡುಗೊರೆ ಪಡೆದವರು ಹಣ ಕಟ್ಟಿ ಬಿಡಿಸಿಕೊಳ್ಳುವಂತಾಗಬಾರದು. ಸಿಬ್ಬಂದಿ ಎಷ್ಟು ಬೆಲೆಯವರೆಗಿನ ಉಡುಗೊರೆ ಪಡೆಯಬಹುದೆಂದು ಹಲವು ಕಂಪನಿಗಳು ಮಿತಿ ಹಾಕಿವೆ, ಅದನ್ನೂ ಒಂದು ಮಿಂಚಂಚೆಯಲ್ಲಿ ಕೇಳಿಕೊಳ್ಳಿ.

ತೆರಿಗೆಯ ಮಾತು ಎರಡೇ. ಉಡುಗೊರೆಗೆಂದು ಕೊಂಡ ವಸ್ತುಗಳ ಮೇಲೆ ತೆತ್ತ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಅದನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತಿಲ್ಲ. ದೇಶದೊಳಗಿನ ಒಬ್ಬ ವ್ಯಾಪಾರ ಸಂಬಂಧಿಗೆ ಒಂದು ಆರ್ಥಿಕ ವರ್ಷದಲ್ಲಿ ಕೊಟ್ಟದ್ದು ಒಟ್ಟು 20,000 ರೂಪಾಯಿ ಮೀರಿದರೆ, 2022ರ ಜುಲೈ 1ರಿಂದ ಬಂದ ನಿಯಮದಂತೆ ಶೇ 10ರಷ್ಟು ಟಿಡಿಎಸ್ (ಕೊಡುವವರೇ ಮುರಿದು ಕಟ್ಟಬೇಕಾದ ಆದಾಯ ತೆರಿಗೆ) ಪ್ರಶ್ನೆ ಏಳುತ್ತದೆ. ಈ ಲೆಕ್ಕಕ್ಕೆ ದೀಪಾವಳಿಯ ಉಡುಗೊರೆಯನ್ನೂ ಸೇರಿಸಿಕೊಳ್ಳಿ.

ನಾನು ಎಲ್ಲಕ್ಕಿಂತ ಒತ್ತಿ ಹೇಳಬಯಸುವುದು ಬಾಕಿ ಬಿಲ್ಲುಗಳ ಬಗ್ಗೆ. ರಟ್ಟಿನ ಪೆಟ್ಟಿಗೆಯವರ ಎರಡು ತಿಂಗಳ ಹಣ ಉಳಿಸಿಕೊಂಡು ಅವರ ಮನೆಗೆ ಹಣ್ಣಿನ ಬುಟ್ಟಿ ಕಳಿಸಿದರೆ ಅದನ್ನು ಅವರು ಯಾವ ಮನಸ್ಸಿನಿಂದ ಬಿಚ್ಚಿಯಾರು? ಹಬ್ಬಕ್ಕೆ ಅವರೂ ಕೆಲಸಗಾರರಿಗೆ ಬೋನಸ್ ಕೊಡಬೇಕು, ಮಕ್ಕಳಿಗೆ ಬಟ್ಟೆ ತೆಗೆಯಬೇಕು. ಸೂಕ್ಷ್ಮ ಮತ್ತು ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡ ಪೂರೈಕೆದಾರರಿಗೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಕೊಡಬೇಕೆಂದು ಇಂಥ ಉದ್ಯಮಗಳ ಕುರಿತ 2006ರ ಕಾಯ್ದೆಯೇ ಹೇಳುತ್ತದೆ. ಡಿಸೆಂಬರ್ 15ರೊಳಗೆ ಅವರ ಲೆಕ್ಕ ಚುಕ್ತಾ ಮಾಡಿ, ಆಮೇಲೆ ನೀವೇ ಬುಟ್ಟಿ ಹಿಡಿದು ಹೋಗಿ ಬನ್ನಿ.

ಪಣಂಬೂರಿನ ಬಂದರು ಮತ್ತು ಕಸ್ಟಮ್ಸ್ ಅಧಿಕಾರಿಗಳಿಗೆ ಮಾತ್ರ ಏನನ್ನೂ ಕಳಿಸಬೇಡಿ, ನಿಮ್ಮ ಹೆಸರಿನಲ್ಲಿ ಕಳಿಸಬಾರದೆಂದು ಕ್ಲಿಯರಿಂಗ್ ಏಜೆಂಟರಿಗೂ ಬರವಣಿಗೆಯಲ್ಲೇ ತಿಳಿಸಿಡಿ.